ಹಾಲ್‌ನಲ್ಲಿ ನಿಂತ ನೃತ್ಯದ ಕಂಬ
ಪುಣೆಯ ಕೋಥ್ರೂಡ್‌ನ ನಮ್ಮ ಫ್ಲ್ಯಾಟಿನಲ್ಲಿ ಪೋಲ್ ಡ್ಯಾನ್ಸ್ ಅಭ್ಯಾಸಕ್ಕೆ ಕಂಬ ನಿಲ್ಲಿಸಬೇಕೆಂದಾಗ ಮೊದಲು ಪರೀಕ್ಷಿಸಬೇಕಾಗಿದ್ದು ಛಾವಣಿಯನ್ನು. ಒತ್ತಡದಿಂದ ನಿಲ್ಲುವ ಕಂಬಕ್ಕೆ ಬೋಲ್ಟ್ ಬೇಕಿಲ್ಲವಾದರೂ, ತಿರುಪನ್ನು ಬಿಗಿಗೊಳಿಸಿದಷ್ಟೂ ಅದು ಮೇಲಕ್ಕೂ ಕೆಳಕ್ಕೂ ಬಲವಾಗಿ ಒತ್ತುವುದರಿಂದ, ಅದರ ತಲೆ ಕಾಂಕ್ರೀಟ್ ಸ್ಲ್ಯಾಬಿಗೆ, ಸಾಧ್ಯವಾದರೆ ತೊಲೆಗೇ, ನೇರವಾಗಿ ತಾಗಿರಬೇಕು. ಜಿಪ್ಸಮ್ ಫಾಲ್ಸ್ ಸೀಲಿಂಗ್ ಆ ಒತ್ತಡವನ್ನು ತಾಳುವುದಿಲ್ಲ. ಆದ್ದರಿಂದ ಆ ಜಾಗದಷ್ಟನ್ನು ಕತ್ತರಿಸಿ ತೆಗೆಸಿದೆವು. ಸ್ಲ್ಯಾಬಿನೊಳಗೆ ಫ್ಯಾನಿನ ವೈರುಗಳ ಪೈಪು ಹಾದುಹೋಗಿರುವುದರಿಂದ ಡ್ರಿಲ್ ಮಾಡುವ ಯೋಚನೆಯನ್ನೇ ಕೈಬಿಟ್ಟೆ.

ನೆಲದ ಟೈಲುಗಳನ್ನು ಒಂದೊಂದಾಗಿ ನಾಣ್ಯದಿಂದ ತಟ್ಟಿ ನೋಡಿದೆ. ಟೊಳ್ಳು ಸದ್ದು ಬರುವ ಟೈಲಿನ ಕೆಳಗೆ ಸಿಮೆಂಟ್ ಸರಿಯಾಗಿ ತುಂಬಿರುವುದಿಲ್ಲ. ಕಂಬದ ಭಾರಕ್ಕೆ ಅದು ಬಿರುಕು ಬಿಡಬಹುದು. ಜಾಗ ನಿಶ್ಚಯವಾದ ಮೇಲೆ 45 ಮಿ.ಮೀ. ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಕಂಬವನ್ನು ನಿಲ್ಲಿಸಿ, ಎರಡು ದಿಕ್ಕಿನಿಂದ ರಸಮಟ್ಟ ಹಿಡಿದು ನೆಟ್ಟಗಾಗಿದೆಯೆಂದು ಖಚಿತಪಡಿಸಿಕೊಂಡ ನಂತರವೇ ತಿರುಪನ್ನು ಪೂರ್ತಿ ಬಿಗಿದೆವು.

ಪೇಶ್ವೆ ಎರಡನೆಯ ಬಾಜೀರಾಯನ ಕಾಲದ ಬಾಳಂಭಟ್ಟ ದೇವಧರರಿಂದ ಮರುಜೀವ ಪಡೆದ, ಮರದ ಕಂಬದ ಮೇಲೆ ಕಸರತ್ತು ಮಾಡುವ ಮಲ್ಲಕಂಬದ ನಾಡಿದು. ನೆರೆಮನೆಯ ಅಜ್ಜಿಯವರು ನಮ್ಮ ಕಂಬಕ್ಕೆ ಹರಳೆಣ್ಣೆ ಹಚ್ಚಲಿಲ್ಲವೇ ಎಂದು ಕೇಳಿದ್ದು ನನಗೆ ಬಹಳ ಹಿಡಿಸಿತು. ಮಲ್ಲಕಂಬದ ಮರಕ್ಕೆ ಹರಳೆಣ್ಣೆ ಬೇಕು. ಉಕ್ಕಿನ ಕಂಬದಲ್ಲಿ ಒಣ ಚರ್ಮದ ಹಿಡಿತವೇ ಆಧಾರವಾದ್ದರಿಂದ ಎಣ್ಣೆಯ ಜಿಡ್ಡು ಅಪಾಯಕಾರಿ. ಹಾಗಾಗಿ ಪ್ರತಿ ಅಭ್ಯಾಸಕ್ಕೂ ಮೊದಲು ಕಂಬವನ್ನು ಸ್ಪಿರಿಟ್‌ನಿಂದ ಒರೆಸಿ, ತಿರುಪಿನ ಬಿಗಿಯನ್ನು ನೋಡಿ, ಬುಡದ ಸುತ್ತ ದಪ್ಪನೆಯ ಮ್ಯಾಟ್ ಹಾಸುತ್ತೇನೆ.