ಡಾಲ್ಫಿನ್ ಕಾಣುತ್ತದೆ ಎಂದು ಮಾತು ಕೊಡುವುದನ್ನು ನಾನು ಬಿಟ್ಟಿದ್ದು ಯಾಕೆ

ಮಳೆಗಾಲ ಮುಗಿಯುತ್ತಾ ಬಂದಿದೆ. ಬೋಟಿಗೆ ಬಣ್ಣ ಹೊಡೆಯುವ ಕೆಲಸ ನಡೆಯುತ್ತಿದೆ, ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದೇವೆ, ಇದರ ನಡುವೆಯೇ ಫೋನ್ ಬರಲು ಶುರುವಾಗಿದೆ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಬೋಟ್ ಪೂರ್ತಿ ನಮಗೊಬ್ಬರಿಗೇ ಸಿಗುತ್ತಾ? ಡಾಲ್ಫಿನ್ ಕಾಣುತ್ತಾ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಸರಿಯಾದ ಉತ್ತರ ಕೊಡಲು ಕಲಿಯುವಷ್ಟರಲ್ಲಿ ನನಗೆ ನಾಲ್ಕು ಸೀಸನ್ ಕಳೆದಿತ್ತು.

ನಾನು ಮುರುಡೇಶ್ವರದಲ್ಲಿ ಬೋಟಿನ ಮೇಲೆ ಕೆಲಸ ಮಾಡುವವನು. ಬುಕಿಂಗ್ ಫೋನ್ ಎತ್ತುವುದೂ ನಾನೇ, ಮರುದಿನ ಬಂದವರಿಗೆ ಲೈಫ್ ಜಾಕೆಟ್ ಕಟ್ಟಿ ನೀರಿಗೆ ಇಳಿಸುವುದೂ ನಾನೇ. ಬೋಟ್ ನಡೆಸುವವರು ನಮ್ಮ ತಾಂಡೇಲರು. ಇಪ್ಪತ್ತೈದು ವರ್ಷ ಮೀನುಗಾರಿಕೆ ಮಾಡಿ ಆಮೇಲೆ ಈ ಕೆಲಸಕ್ಕೆ ಬಂದವರು, ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ಇಲ್ಲಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಕಡಲು ಶಾಂತವಾಗಿದ್ದರೆ ಒಂದೂವರೆ ಗಂಟೆ. ಹೋಗುತ್ತಾ ಹಿಂದಿರುಗಿ ನೋಡಿದರೆ ದೇವಸ್ಥಾನದ 123 ಅಡಿಯ ಶಿವ ಸಣ್ಣಗಾಗುತ್ತಾ ಹೋಗಿ ಕೊನೆಗೆ ಒಂದು ಬಿಳಿ ಚುಕ್ಕಿಯಾಗಿ ಉಳಿಯುತ್ತಾನೆ. ಅಷ್ಟು ದೂರ ಹೋದ ಮೇಲೆ ಏನಾದರೂ ತಪ್ಪಿದರೆ ಅಲ್ಲಿರುವವರು ನಾವು ನಾವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಒಂದು ಕುಟುಂಬ ಬಂತು. ಎಂಟು ಜನ. ಅಜ್ಜಿ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೂವರು ಮೊಮ್ಮಕ್ಕಳು. ಫೋನಿನಲ್ಲಿ ಹಿರಿಯ ಮಗ ಕೇಳಿದ್ದರು, "ಒಂದೇ ದಿನದಲ್ಲಿ ಡಾಲ್ಫಿನ್ ನೋಡಿ, ಸ್ನಾರ್ಕ್ಲಿಂಗ್ ಮಾಡಿ, ಬರುವಾಗ ಗಾಳ ಹಾಕಿ ಮೀನು ಹಿಡಿಯಬಹುದಾ?" ಸ್ನಾರ್ಕ್ಲಿಂಗ್ ಅಂದರೆ ಮಾಸ್ಕ್ ಹಾಕಿ, ಉಸಿರಾಡಲು ಕೊಳವೆ ಕಚ್ಚಿ, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ನಾನು ಒಂದು ಕ್ಷಣವೂ ಯೋಚಿಸದೆ, "ಎಲ್ಲಾ ಆಗುತ್ತೆ ಸರ್, ಡಾಲ್ಫಿನ್ ಗ್ಯಾರಂಟಿ, ಆಮೆಯೂ ಕಾಣುತ್ತೆ" ಎಂದಿದ್ದೆ. ಬೇರೆ ಬೋಟಿನವರೂ ಹಾಗೆಯೇ ಹೇಳುತ್ತಾರೆ, ನಾನು ಹೇಳದಿದ್ದರೆ ಗಿರಾಕಿ ಅತ್ತ ಹೋಗಿಬಿಡುತ್ತಾರೆ ಅನ್ನುವ ಭಯ ಇತ್ತು.

ಆರೂವರೆಗೆ ಹೊರಡಬೇಕಿತ್ತು. ಅವರು ಬಂದಾಗ ಎಂಟೂವರೆ. ರಾತ್ರಿಯೆಲ್ಲಾ ಡ್ರೈವ್ ಮಾಡಿಕೊಂಡು ಬಂದಿದ್ದಾರೆ, ಮಕ್ಕಳು ತಿಂಡಿ ತಿಂದಿಲ್ಲ, ನಾನಾದರೂ ಏನು ಹೇಳಲಿ? ಆದರೆ ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಎರಡು ಗಂಟೆಗೆ ಇರುವ ಬೆಲೆ ಮಧ್ಯಾಹ್ನದ ನಾಲ್ಕು ಗಂಟೆಗೆ ಇಲ್ಲ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ನೀರು ಎಣ್ಣೆ ಸವರಿದ ಹಾಗೆ ನುಣ್ಣಗೆ ಇರುತ್ತದೆ. ನೆಲ ಕಾದಂತೆಲ್ಲಾ ಗಾಳಿ ತಿರುಗುತ್ತದೆ, ಮಧ್ಯಾಹ್ನದ ನಂತರ ವಾಯವ್ಯದಿಂದ ಜೋರಾಗಿ ಬೀಸಿ ಅಲೆ ಎಬ್ಬಿಸುತ್ತದೆ. ತಾಂಡೇಲರು ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಮೂರರಲ್ಲಿ ಒಂದು ಮಾಡುವ, ಸಾಕು" ಎಂದರು. ನಾನು ಕೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ದಡದಿಂದ ಇಪ್ಪತ್ತು ನಿಮಿಷ ಹೋಗುವಷ್ಟರಲ್ಲಿ ಡಾಲ್ಫಿನ್ ಕಂಡವು. ನಾಲ್ಕೋ ಐದೋ ಇದ್ದವು. ಬೆನ್ನ ಮೇಲೆ ಗೂನು ಇರುವ ಈ ಡಾಲ್ಫಿನ್‌ಗಳು ದಡಕ್ಕೆ ಹತ್ತಿರದ ಆಳ ಕಡಿಮೆ ಇರುವ ನೀರಿನಲ್ಲೇ ಇರುತ್ತವೆ, ಅಳಿವೆಗಳ ಬಾಯಲ್ಲಿ ಮೀನಿಗಾಗಿ ಓಡಾಡುತ್ತವೆ. ತಾಂಡೇಲರು ಎಂಜಿನ್ ನ್ಯೂಟ್ರಲ್‌ಗೆ ಹಾಕಿದರು. ಒಂದು ದೊಡ್ಡ ಡಾಲ್ಫಿನ್ ಪಕ್ಕದಲ್ಲೇ ಸಣ್ಣದೊಂದು ಮರಿ ಅಂಟಿಕೊಂಡಂತೆ ಈಜುತ್ತಿತ್ತು, ತಾಯಿ ಉಸಿರೆಳೆದಾಗಲೆಲ್ಲಾ ಅದೂ ಮೇಲೆ ಬರುತ್ತಿತ್ತು. ಮಕ್ಕಳು ಕೂಗಿದರು. ಡಾಲ್ಫಿನ್‌ಗಳು ದೂರ ಸರಿದವು. ಫೋಟೋ ಸಿಗಲಿಲ್ಲ ಎಂದು ಹಿರಿಯ ಮಗ, "ಹತ್ತಿರ ಹೋಗಿ, ನೀವೇ ಹೇಳಿದ್ರಲ್ಲ" ಎಂದರು. ನಾನು ತಾಂಡೇಲರ ಕಡೆ ನೋಡಿದೆ. ಅವರು, "ಅದಕ್ಕೆ ಮರಿ ಉಂಟು ಮಾರಾಯ" ಎಂದಷ್ಟೇ ಹೇಳಿದರು. ನಾನು ಮತ್ತೆ, "ಒಂದೇ ಸಲ ಅಣ್ಣ" ಎಂದೆ.

ಅವರು ನನ್ನ ಮುಖ ನೋಡಿ ಎಂಜಿನ್ ಏರಿಸಿದರು. ನಾವು ಹತ್ತಿರ ಹೋದಷ್ಟೂ ಅವು ದಿಕ್ಕು ಬದಲಿಸಿದವು, ನಾವೂ ಬದಲಿಸಿದೆವು. ಮೂರನೆಯ ಸಲ ಗುಂಪು ಒಡೆಯಿತು. ಎರಡು ಬೋಟಿನ ಈ ಕಡೆ, ಉಳಿದವು ಆ ಕಡೆ. ಮರಿ ಕಾಣಲಿಲ್ಲ. ತಾಂಡೇಲರು ಯಾರನ್ನೂ ಕೇಳದೆ ಎಂಜಿನ್ ಆಫ್ ಮಾಡಿದರು. ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಕಿರಿಯ ಮೊಮ್ಮಗಳು ನನ್ನ ಕೈ ಎಳೆದು, "ಅಂಕಲ್, ಮರಿಗೆ ಅಮ್ಮ ಸಿಕ್ತಾ?" ಎಂದು ಕೇಳಿದಳು. "ಸಿಕ್ಕಿರುತ್ತೆ ಪುಟ್ಟಿ" ಎಂದೆ. ಅದೂ ಖಾತ್ರಿಯಿಲ್ಲದೆ ಕೊಟ್ಟ ಇನ್ನೊಂದು ಮಾತೇ ಆಗಿತ್ತು.

ಈ ಡಾಲ್ಫಿನ್ ಒಂದು ಸಲಕ್ಕೆ ಹೆರುವುದು ಒಂದೇ ಮರಿ, ಮುಂದಿನ ಮರಿಗೆ ಸಾಮಾನ್ಯವಾಗಿ ಮೂರು ವರ್ಷದಷ್ಟು ಅಂತರ. ನೀರಿನೊಳಗೆ ತಾಯಿ ಮರಿ ಒಬ್ಬರನ್ನೊಬ್ಬರು ಹುಡುಕುವುದು ಶಬ್ದದಿಂದ. ನಮ್ಮ ಎಂಜಿನ್ ಸದ್ದು ಅವುಗಳ ಕಿವಿಯ ಪಕ್ಕದಲ್ಲೇ ಇದ್ದರೆ ಹೇಗೆ ಹುಡುಕಬೇಕು? ಕಾನೂನಿನಲ್ಲೂ ಇದು ಸಣ್ಣ ವಿಷಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲ, ಪ್ರಾಣಿಯನ್ನು ಅಟ್ಟುವುದನ್ನೂ ಬೇಟೆ ಎಂದೇ ಹೇಳಿದೆ. ಡಾಲ್ಫಿನ್, ಕಡಲಾಮೆ, ಹವಳ ಎಲ್ಲವೂ ಮೊದಲ ಅನುಸೂಚಿಯಲ್ಲಿವೆ. ತಿಮಿಂಗಿಲ ಶಾರ್ಕ್ 2001ರಲ್ಲೇ ಸೇರಿದೆ. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಕಾಡಿನಲ್ಲಿ ಜೀಪು ಹುಲಿಯನ್ನು ಅಟ್ಟಿಸಿಕೊಂಡು ಹೋದರೆ ನಾವೆಲ್ಲಾ ಬೈಯುತ್ತೇವೆ, ಅಲ್ವಾ? ನಾನು ಮಾಡಿದ್ದು ಅದೇ.

ದಿನ ಅಲ್ಲಿಗೆ ಮುಗಿಯಲಿಲ್ಲ. ಆ ಗಡಿಬಿಡಿಯಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ನೇತ್ರಾಣಿ ಮುಟ್ಟಿದಾಗ ಹನ್ನೊಂದು. ಗಾಳಿ ತಡೆಯುವ ಒಳ್ಳೆಯ ಜಾಗದಲ್ಲೆಲ್ಲಾ ಬೇರೆ ಬೋಟುಗಳು ನಿಂತಿದ್ದವು. ದ್ವೀಪಕ್ಕೆ ಹತ್ತಿ ಕಾಯುವ ಹಾಗೂ ಇಲ್ಲ, ಸುತ್ತ ಕಡಿದಾದ ಬಂಡೆ. ಜೊತೆಗೆ ನೌಕಾಪಡೆ ಹಿಂದೆ ಗುಂಡಿನ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪ ಅದು. ನಾವು ಸಿಕ್ಕ ಕಡೆ ಲಂಗರು ಬಿಟ್ಟೆವು. ತಾಂಡೇಲರು ಯಾವಾಗಲೂ ನೀರಿನ ಬಣ್ಣ ನೋಡಿ ಮರಳಿರುವ ಜಾಗಕ್ಕೇ ಬಿಡುವವರು. ಅವತ್ತು ಅಷ್ಟು ಸುತ್ತಾಡಲು ನಾನೇ ಬಿಡಲಿಲ್ಲ. ಆಮೇಲೆ ಮಾಸ್ಕ್ ಹಾಕಿ ಕೆಳಗೆ ನೋಡಿದರೆ ಲಂಗರು ಒಂದು ಉಂಡೆ ಹವಳದ ಮೇಲೆ ಬಿದ್ದು ಅದರ ಅಂಚು ಕಿತ್ತುಬಂದಿತ್ತು. ಆ ಜಾತಿಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಿತ್ತುಬಂದ ತುಂಡು ನನ್ನ ಎರಡು ಅಂಗೈ ಸೇರಿಸಿದಷ್ಟಿತ್ತು. ನನ್ನ ಮಗಳ ವಯಸ್ಸಿಗಿಂತ ಜಾಸ್ತಿ ವರ್ಷದ ಬೆಳವಣಿಗೆ.

ಅಷ್ಟರಲ್ಲಿ ಕಿರಿಯ ಮಗ ಸೆಳೆತಕ್ಕೆ ಸಿಕ್ಕಿ ಬೋಟಿನಿಂದ ದೂರ ಹೋಗಿದ್ದರು. ಈಜು ಬರುತ್ತದೆ, ಜಾಕೆಟ್ ಇದೆ, ಆದರೂ ಹೆದರಿದ್ದರು. ಮುಖ ನೀರಿನಲ್ಲಿಟ್ಟು ಮೀನು ನೋಡುತ್ತಿರುವಾಗ ತಾನು ತೇಲಿ ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ, ತಲೆ ಎತ್ತಿದಾಗ ಬೋಟ್ ದೂರದಲ್ಲಿರುತ್ತದೆ. ನಾನು ಬಳೆಯಾಕಾರದ ತೇಲುವ ಟ್ಯೂಬ್ ಹಿಡಿದು ಹಾರಿ ಅವರನ್ನು ತಲುಪಿದೆ, ತಾಂಡೇಲರು ಲಂಗರು ಎತ್ತಿ ಬೋಟ್ ತಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಪ್ರತಿದಿನ ಹಾಕುವ ಹಿಂಬದಿಯ ಹಗ್ಗ, ಅದೇ ತುದಿಯಲ್ಲಿ ಕೆಂಪು ಬೋಯಾ (ತೇಲುವ ಗುಂಡು) ಕಟ್ಟಿ ನಲವತ್ತು ಮೀಟರ್ ಬಿಡುವ ಹಗ್ಗ, ಅವತ್ತು ಬೋಟಿನೊಳಗೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಹೊತ್ತಾಗಿದೆ ಎಂದು ನಾನೇ ಹಾಕಿರಲಿಲ್ಲ.

ಬರುವಾಗ ಗಾಳದ ಕಾರ್ಯಕ್ರಮ. ಅದನ್ನಾದರೂ ಬಿಡಬಹುದಿತ್ತು. ದ್ವೀಪ ಬಿಟ್ಟು ತುಂಬಾ ಈಚೆ ಬಂದು ಬೊಂಡಾಸ್ (ಸ್ಕ್ವಿಡ್) ಚೂರು ಸಿಕ್ಕಿಸಿ ಗಾಳ ಇಳಿಸಿದೆವು. ಎರಡು ಗಂಟೆಯ ಗಾಳಿ ಎದ್ದಿತ್ತು. ಓಡುವ ಬೋಟಿಗಿಂತ ನಿಂತ ಬೋಟಿನಲ್ಲಿ ಹೊಟ್ಟೆ ತೊಳಸುವುದು ಜಾಸ್ತಿ, ಅದರ ಮೇಲೆ ಡೀಸೆಲ್ ವಾಸನೆ. ಅಜ್ಜಿ ಮೂರು ಸಲ ವಾಂತಿ ಮಾಡಿಕೊಂಡರು. ಅವರ ಹಣೆಗೆ ನೀರು ಹಚ್ಚುತ್ತಾ ಕೂತಿದ್ದೆ. ಅವರು ನನ್ನನ್ನು ಬೈಯಲಿಲ್ಲ, "ನಿನಗೂ ಸುಸ್ತಾಗಿದೆ ಮಗಾ, ಮನೆಗೆ ಹೋಗೋಣ" ಎಂದರು. ಗಾಳಕ್ಕೆ ಸಿಕ್ಕಿದ್ದು ಎರಡು ಸಣ್ಣ ಮುರು ಮೀನು (ಗ್ರೂಪರ್), ಎರಡನ್ನೂ ವಾಪಸ್ ಬಿಟ್ಟೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಮೊದಲು ತಡವಾಗಿ ಬಂದ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಇಡೀ ದಿನವನ್ನು ಹಿಂದಕ್ಕೆ ಎಳೆದು ನೋಡಿದೆ. ಹವಳ ಮುರಿದದ್ದು ಅವಸರದಿಂದ. ಅವಸರ ಬಂದದ್ದು ಡಾಲ್ಫಿನ್ ಹಿಂದೆ ಹೋಗಿದ್ದರಿಂದ. ಡಾಲ್ಫಿನ್ ಹಿಂದೆ ಹೋದದ್ದು ನಾನು ಗ್ಯಾರಂಟಿ ಅಂದಿದ್ದರಿಂದ. ಕಡಲಿನಲ್ಲಿ ಅಣ್ಣ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನೆಲ್ಲಾ ನಾನು ಎರಡು ದಿನ ಮೊದಲು, ಮನೆಯ ಜಗಲಿಯಲ್ಲಿ ಕೂತು, ಫೋನಿನಲ್ಲಿ ತೆಗೆದುಕೊಂಡುಬಿಟ್ಟಿದ್ದೆ. ಸ್ಟೇರಿಂಗ್ ಅವರ ಕೈಯಲ್ಲಿದ್ದರೂ ಬೋಟ್ ಓಡಿಸಿದ್ದು ನನ್ನ ಮಾತು.

ಮರುದಿನ ಅಣ್ಣನಿಗೆ ಇದನ್ನೇ ಹೇಳಿದೆ. ಅವರು ಬೀಡಿ ಹಚ್ಚಿ, "ಹಾಗಾದರೆ ಫೋನಿನಲ್ಲಿ ಬೇರೆ ಹೇಳು" ಎಂದರು.

ಈಗ ಹೇಳುವುದು ಬೇರೆ. ಡಾಲ್ಫಿನ್ ಕೇಳಿದರೆ, "ಕಂಡರೆ ನಿಲ್ಲಿಸುತ್ತೇವೆ, ಹತ್ತಿರ ಹೋಗುವುದಿಲ್ಲ, ಅವಾಗಿಯೇ ಬಂದರೆ ನಿಮ್ಮ ಅದೃಷ್ಟ" ಎನ್ನುತ್ತೇನೆ. ನಾವೇ ಇಟ್ಟುಕೊಂಡ ಅಳತೆ ಐವತ್ತು ಮೀಟರ್, ಹತ್ತು ನಿಮಿಷ. ಮರಿ ಇದ್ದರೆ ಅದೂ ಇಲ್ಲ, ಅಲ್ಲಿಂದ ಸರಿಯುವುದೇ. ಒಂದು ದಿನಕ್ಕೆ ಒಂದೇ ಕೆಲಸ, ಸ್ನಾರ್ಕ್ಲಿಂಗ್ ಅಥವಾ ಗಾಳ. ಏಳೂವರೆ ದಾಟಿದರೆ ನೇತ್ರಾಣಿ ಇಲ್ಲ, ದಡದ ಹತ್ತಿರವೇ ಒಂದು ಸುತ್ತು, ದುಡ್ಡೂ ಅದಕ್ಕೆ ತಕ್ಕಂತೆ ಕಡಿಮೆ. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ಮತ್ತು ಹೈದರಾಬಾದಿನಲ್ಲಿರುವ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಮುನ್ಸೂಚನೆ ಎರಡನ್ನೂ ನೋಡಿ ನಾನೇ ಫೋನ್ ಮಾಡುತ್ತೇನೆ. ಆದರೂ ಬೆಳಿಗ್ಗೆ ದಡದಲ್ಲಿ ನಿಂತು ಅಣ್ಣ ಬೇಡ ಎಂದರೆ ಬೇಡವೇ, ನಾನು ಎರಡನೆಯ ಸಲ ಕೇಳುವುದಿಲ್ಲ. ಈ ಕೊನೆಯದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ಯಾಕೆಂದರೆ ಗಿರಾಕಿಯ ಸಪ್ಪೆ ಮುಖ ನನ್ನೆದುರು ಇರುತ್ತದೆ, ಅಲೆ ಇನ್ನೂ ಎರಡು ಗಂಟೆ ದೂರದಲ್ಲಿರುತ್ತದೆ.

ವಯಸ್ಸಾದವರು ಬರುತ್ತಾರಾ ಎಂದು ಕೇಳುತ್ತೇನೆ. ವಾಂತಿಯ ಮಾತ್ರೆ ಬೋಟ್ ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಡಾಕ್ಟರನ್ನು ಕೇಳಿ ಮೊದಲೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲೂ ಬರಬಾರದು, ಪೂರಿ ಬಜ್ಜಿ ತಿಂದೂ ಬರಬಾರದು. ಎರಡು ಇಡ್ಲಿ ಸಾಕು. ಸನ್‌ಸ್ಕ್ರೀನ್ ಬಳಿದುಕೊಂಡು ಹವಳ ಇರುವ ನೀರಿಗೆ ಇಳಿಯುವ ಬದಲು ತುಂಬು ತೋಳಿನ ಅಂಗಿ ಹಾಕಿ ಎನ್ನುತ್ತೇನೆ. ನೀರಿಗೆ ಇಳಿಯುವ ಮೊದಲು ಬೋಯಾ ಹಗ್ಗ ಬಿಟ್ಟು ಅದು ಯಾವ ಕಡೆ ಚಾಚುತ್ತದೆ ಎಂದು ಎಲ್ಲರಿಗೂ ತೋರಿಸುತ್ತೇನೆ, ಸೆಳೆತ ಅತ್ತ. ನಾವು ಮೊದಲು ಅದರ ಎದುರಿಗೆ ಈಜುವುದು, ದಣಿದಾಗ ಸೆಳೆತವೇ ನಮ್ಮನ್ನು ಬೋಟಿಗೆ ತಂದು ಬಿಡುತ್ತದೆ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಕೋಸ್ಟ್ ಗಾರ್ಡ್‌ನ 1554 ನಂಬರನ್ನು ಬೋಟಿನ ಒಳಗೆ ದೊಡ್ಡದಾಗಿ ಬರೆಸಿದ್ದೇವೆ, ಬೋಟಿನ ವಿಎಚ್‌ಎಫ್ ರೇಡಿಯೋ ಅಪಾಯದ ಕರೆಗೆ ಇರುವ ಹದಿನಾರನೇ ಚಾನೆಲ್‌ನಲ್ಲಿ ಇರುತ್ತದೆ.

ಗಾಳದ ದಿನಕ್ಕೂ ನಮ್ಮದೊಂದು ಲೆಕ್ಕ ಇದೆ. ಅಂಜಲ್, ಬಂಗುಡೆ ಸಿಕ್ಕರೆ ಮನೆಗೆ ಒಯ್ಯಲಿ, ಸಂತೋಷ. ದೊಡ್ಡ ಮುರು ಸಿಕ್ಕರೆ ಫೋಟೋ ತೆಗೆದು ಬಿಡಿ ಎಂದು ಕೇಳಿಕೊಳ್ಳುತ್ತೇವೆ. ಹೆಚ್ಚಿನ ಮುರು ಜಾತಿಗಳು ಹೆಣ್ಣಾಗಿ ಹುಟ್ಟಿ, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೆಲ್ಲಾ ಎತ್ತಿದರೆ ಆ ಬಂಡೆಯ ಸುತ್ತ ಗಂಡೇ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಬಹಳ ಜನ ತಾವಾಗಿಯೇ ಬಿಡುತ್ತಾರೆ. ಜನರಿಗೆ ಕಾರಣ ಬೇಕು, ಬರೀ ಬೇಡ ಎಂದರೆ ಜಗಳ.

ಬುಕಿಂಗ್ ಕಡಿಮೆಯಾಯಿತಾ ಎಂದು ಕೇಳುತ್ತೀರಿ. ಮೊದಲ ವರ್ಷ ಆಯಿತು. ಡಿಸೆಂಬರ್ ಕೊನೆಯ ವಾರದಲ್ಲೂ ಎರಡು ದಿನ ಬೋಟ್ ದಡದಲ್ಲೇ ಇತ್ತು, ಮಾಲೀಕರು ಮಾತಾಡಲಿಲ್ಲ, ಮುಖದಲ್ಲಿ ಕಾಣುತ್ತಿತ್ತು. ಎರಡನೆಯ ವರ್ಷ ಬಂದವರೇ ಮತ್ತೆ ಬಂದರು, ತಮ್ಮವರನ್ನು ಕಳಿಸಿದರು. ಹಳೆಯ ಲೆಕ್ಕಕ್ಕೆ ಇನ್ನೂ ಪೂರ್ತಿ ಮುಟ್ಟಿಲ್ಲ, ಹತ್ತಿರ ಬಂದಿದ್ದೇವೆ.

ನಿನ್ನೆ ಹುಬ್ಬಳ್ಳಿಯಿಂದ ಒಬ್ಬರು ಮೇಷ್ಟ್ರು ಫೋನ್ ಮಾಡಿದ್ದರು. ಹೆಂಡತಿ, ಇಬ್ಬರು ಮಕ್ಕಳು, ಯಾರೂ ಇದುವರೆಗೆ ಬೋಟ್ ಹತ್ತಿಲ್ಲ. ಡಾಲ್ಫಿನ್ ಕಾಣುತ್ತಾ ಎಂದು ಅವರೂ ಕೇಳಿದರು. ಇರುವುದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಣದಿದ್ದರೆ ಮತ್ತೇನು ಕಾಣುತ್ತದ್ರೀ?" ಎಂದರು. ನೇತ್ರಾಣಿಯ ಬಂಡೆಯ ಮೇಲೆ ಕೂರುವ ಬಿಳಿಹೊಟ್ಟೆಯ ಕಡಲ ಹದ್ದು, ಹವಳ ಕಚ್ಚಿ ತಿನ್ನುವ ಗಿಳಿಮೀನು, ಕಿವಿ ನೀರಿನಲ್ಲಿಟ್ಟರೆ ಕೇಳುವ ಆ ಕರಕರ ಸದ್ದು, ನೀರು ತಿಳಿಯಾಗಿದ್ದ ದಿನ ಬೋಟಿನ ಮೇಲಿಂದಲೇ ಕಾಣುವ ತಳ, ಇದನ್ನೆಲ್ಲಾ ಹೇಳುತ್ತಾ ಹೋದೆ. ನವೆಂಬರ್ ಎರಡನೇ ಶನಿವಾರಕ್ಕೆ ಬರೆದುಕೊಳ್ಳಿ ಎಂದರು. ಬೆಳಿಗ್ಗೆ ಆರೂಕಾಲಿಗೆ ದಡದಲ್ಲಿ ಇರಬೇಕು ಎಂದು ಎರಡು ಸಲ ಹೇಳಿ ಬರೆದುಕೊಂಡಿದ್ದೇನೆ.