ಒಂಬತ್ತು ಗಂಟೆ
ಇಲ್ಲಿ ಲಂಡನ್ನಿನಲ್ಲಿ ಸಾರಾ ಎವರಾರ್ಡ್ ಅನ್ನುವವಳು ಕಾಣೆಯಾದಳು ಅಂದಾಗ, ಅಮ್ಮ ಹಾಸನದಿಂದ ಫೋನಲ್ಲಿ ಕೇಳಿದ್ದು ಒಂದೇ ಮಾತು. "ಅಷ್ಟು ಹೊತ್ನಲ್ಲಿ ಒಬ್ಬಳೇ ಯಾಕೆ ಹೊರಟಳಂತೆ?"

"ಅಮ್ಮ, ಬರೀ ಒಂಬತ್ತು ಗಂಟೆ ಕಣಮ್ಮ."

"ಅದೇ. ಒಂಬತ್ತು."

ಈ "ಅದೇ" ವಾರವೆಲ್ಲಾ ಕಿವಿಯಲ್ಲೇ ಇದೆ.

ಸಾರಾಳಿಗೆ 33 ವರ್ಷ. 2021ರ ಮಾರ್ಚ್ 3ರ ರಾತ್ರಿ ಕ್ಲ್ಯಾಪಮ್‌ನಲ್ಲಿ ಸ್ನೇಹಿತರ ಮನೆಯಿಂದ ಬ್ರಿಕ್ಸ್ಟನ್‌ ಕಡೆಗೆ ನಡೆದು ಹೊರಟವಳು ಮನೆ ಸೇರಲಿಲ್ಲ. ಕೊನೆಗೆ ಕಂಡಿದ್ದು ಪಾಯ್ಂಡರ್ಸ್ ರಸ್ತೆಯಲ್ಲಿ, ಒಂಬತ್ತೂವರೆ ಸುಮಾರಿಗೆ. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷ. ಬಸ್ ಸ್ಟಾಪಿನ ಕಂಬದಲ್ಲಿ ಅವಳ ಫೋಟೋ. ನಗ್ತಾ ಇದ್ದಾಳೆ.

ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅಷ್ಟು ದಿನ ಕಸದ ಡಬ್ಬಿ, ಕಳೆದುಹೋದ ಬೆಕ್ಕು ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಎಲ್ಲರೂ ಪತ್ತೇದಾರರು. ಒಬ್ಬರಿಗೆ ಯಾವುದೋ ವ್ಯಾನ್ ಮೇಲೆ ಅನುಮಾನ. ಇನ್ನೊಬ್ಬರಿಗೆ ಅವಳ ಬಾಯ್‌ಫ್ರೆಂಡ್ ಮೇಲೆ. ಪೊಲೀಸರು ಕೊಳಗಳಲ್ಲಿ ಹುಡುಕುತ್ತಿದ್ದರು. ನಮ್ಮೂರಲ್ಲಿ ಹೆಂಗಸು ಕಾಣೆಯಾದರೆ ಮೊದಲು ಬಾವಿ ಇಣುಕುತ್ತಿದ್ದರು, ಆಮೇಲೆ ಅವಳ ನಡತೆ.

ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಒಳ್ಳೆಯವರೇ. ಬೇಲಿಯಾಚೆ ನಿಂತು ಕಣ್ಣೊರೆಸಿಕೊಂಡು, "ಪಾಪ, ಅವಳು ಎಲ್ಲಾ ಸರಿಯಾಗೇ ಮಾಡಿದ್ದಳು" ಅಂದರು. ದೊಡ್ಡ ರಸ್ತೆಯಲ್ಲೇ ಹೋದಳು. ಎದ್ದು ಕಾಣುವ ಬಣ್ಣದ ಶೂ ಹಾಕಿದ್ದಳು. ದಾರಿಯಲ್ಲಿ ಫೋನ್ ಮಾಡಿ ಮಾತಾಡಿದಳು. ನಾನು ತಲೆಯಾಡಿಸಿದೆ. ಒಳಗೆ ಬಂದು ಪಾತ್ರೆ ತೊಳೆಯುವಾಗ ಸಿಟ್ಟು ಬಂತು. ಹಾಗಾದ್ರೆ ಕಪ್ಪು ಶೂ ಹಾಕಿಕೊಂಡು ಗಲ್ಲಿಯಲ್ಲಿ ಹೋದವಳಿಗೆ ಹೀಗಾದ್ರೆ ಇಷ್ಟು ಅಳ್ತಿದ್ರಾ? ಅಮ್ಮನ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅಮ್ಮ ನೇರ ಕೇಳಿದರು, ಅಷ್ಟೇ.

ನಾನೇನು ಕಡಿಮೆ? ಸುದ್ದಿ ಓದಿದ ತಕ್ಷಣ ಫೋನಲ್ಲಿ ಮ್ಯಾಪ್ ತೆಗೆದು ಅವಳ ದಾರಿ ನೋಡಿದೆ. ಸುಮಾರು 50 ನಿಮಿಷದ ನಡಿಗೆ. ನಾನಾದರೆ ಅಷ್ಟು ದೂರ ನಡೀತಾನೇ ಇರಲಿಲ್ಲ, ಬಸ್ ಹತ್ತುತ್ತಿದ್ದೆ ಅಂದುಕೊಂಡೆ. ಜೀವಕ್ಕೆ ಹಾಯೆನಿಸಿತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಂಗಳವಾರ ರಾತ್ರಿ ಒಬ್ಬನನ್ನು ಹಿಡಿದರು. ಲಂಡನ್ ಪೊಲೀಸ್ ಇಲಾಖೆಯವನೇ, ಆಗಿನ್ನೂ ಕೆಲಸದಲ್ಲಿದ್ದವನು. ಮರುದಿನ ಕೆಂಟ್‌ನ ಕಾಡಿನಲ್ಲಿ ದೇಹ ಸಿಕ್ಕಿತು. ವಾಟ್ಸಾಪ್ ಗುಂಪು ಗಪ್‌ಚುಪ್. ವ್ಯಾನ್ ಎಂದವರೂ ಇಲ್ಲ, ಬಾಯ್‌ಫ್ರೆಂಡ್ ಎಂದವರೂ ಇಲ್ಲ. ರಾತ್ರಿ ಹೆದರಿಕೆಯಾದ್ರೆ ಪೊಲೀಸರ ಹತ್ತಿರ ಓಡು ಅಂತ ಮಗಳಿಗೆ ಹೇಳಿಕೊಟ್ಟವಳು ನಾನು. ಈಗೇನು ಹೇಳಲಿ?

ಶನಿವಾರ ಕ್ಲ್ಯಾಪಮ್ ಕಾಮನ್ ಮೈದಾನದ ಮಂಟಪದ ಸುತ್ತ ಹೂವಿನ ರಾಶಿ. ಡ್ಯಾಫೋಡಿಲ್ ಜಾಸ್ತಿ. ಕೆಲವಕ್ಕೆ ಸೂಪರ್‌ಮಾರ್ಕೆಟಿನ ಬೆಲೆಚೀಟಿ ಹಾಗೇ ಇತ್ತು. ನಾನು ಹಗಲಲ್ಲೇ ಹೋಗಿ ಬಂದೆ. ರಾತ್ರಿ ಅಲ್ಲಿ ಸೇರಿದ್ದ ಹೆಂಗಸರನ್ನು ಕೊರೋನಾ ನಿಯಮ ಅಂತ ಪೊಲೀಸರು ಎಳೆದಾಡಿದರು. ನಾವು ಒಂಬತ್ತೂವರೆಗೆ ಬಾಗಿಲಲ್ಲಿ ಮೇಣದಬತ್ತಿ ಹಚ್ಚಿ ನಿಂತೆವು. ಎದುರು ಮನೆಯವರೂ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಗಾಳಿಗೆ ನನ್ನ ಬತ್ತಿ ಎರಡು ಸಲ ಆರಿತು.

ನಿನ್ನೆ ಭಾನುವಾರ ಸಂಜೆ ಹಾಲು ಮುಗಿದಿತ್ತು. ಚಪ್ಪಲಿ ಮೆಟ್ಟಿದೆ. ಇವರು ಜಾಕೆಟ್ ಹುಡುಕತೊಡಗಿದರು.

"ನೀವ್ಯಾಕ್ರೀ? ಇನ್ನೂ ಏಳು ಗಂಟೆ."

"ಅದೇ" ಅಂದರು.

ದಾರಿಯುದ್ದಕ್ಕೂ ಇಶಾನ್ ಕಿಶನ್ ಮೊದಲ ಮ್ಯಾಚಲ್ಲೇ ಫಿಫ್ಟಿ ಹೊಡೆದ ಕತೆ. ನಾನು ಹೂಂಗುಟ್ಟುತ್ತಾ ನಡೆದೆ.