ಹೊರಗೆ ಇಷ್ಟು ಬಿಸಿಲಿದ್ದರೂ ಒಳಗೇಕೆ ಲೈಟು?

"ಹೊರಗ ಇಷ್ಟ ಬಿಸಲ ಬಿದ್ದೈತಿ, ಮತ್ತ ಒಳಗ್ಯಾಕ ಇಷ್ಟೆಲ್ಲಾ ಲೈಟ್ ಹಚ್ಚತೀರಿ?"

ವಿಜಯಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ನನ್ನಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹಳ್ಳಿಯಿಂದ ಬಂದ ಕಾಕಾ ಕೇಳುತ್ತಾರೆ, ಬಯೋಡಾಟಾ ಫೋಟೋ ತೆಗೆಸಲು ಮಗಳನ್ನು ಕರೆತಂದ ಅಪ್ಪ ಕೇಳುತ್ತಾರೆ. ಹೊಸ ಕ್ಯಾಮೆರಾ ಕೊಂಡ ಕಾಲೇಜು ಹುಡುಗರು ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ: "ಸರ, ಸ್ಟುಡಿಯೋ ಲೈಟ್ ಚಲೋನೋ, ನ್ಯಾಚುರಲ್ ಲೈಟ್ ಚಲೋನೋ?" ಕೆಲಸದ ನಡುವೆ ಹೇಳಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

ಬಿಸಿಲು ಎಷ್ಟಿದೆ ಅನ್ನುವುದರ ಮೇಲೆ ಮುಖ ಚಂದ ಬರುವುದಿಲ್ಲ. ಕುಂತವರ ಮುಖದಿಂದ ನೋಡಿದರೆ ಆ ಬೆಳಕು ಎಷ್ಟು ಅಗಲ ಕಾಣುತ್ತದೆ, ಯಾವ ಕಡೆಯಿಂದ ಬರುತ್ತದೆ ಎನ್ನುವುದರ ಮೇಲೆ ಬರುತ್ತದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್ ಇದ್ದೀತು, ಆದರೆ ಅವನು ಇರುವುದು 15 ಕೋಟಿ ಕಿಲೋಮೀಟರ್ ಆಚೆ. ನಮ್ಮ ಕಣ್ಣಿಗೆ ಅವನ ಅಗಲ ಅರ್ಧ ಡಿಗ್ರಿ ಮಾತ್ರ. ಕೈ ಚಾಚಿ ಕಿರುಬೆರಳು ಹಿಡಿದರೆ ಪೂರ್ತಿ ಮುಚ್ಚಿಹೋಗುತ್ತಾನೆ. ಬೆಳಕಿನ ಮೂಲ ಅಷ್ಟು ಸಣ್ಣದಾದಾಗ ಮೂಗಿನ ನೆರಳು ಚಾಕುವಿನಿಂದ ಕೊಯ್ದ ಹಾಗೆ ಕೆನ್ನೆಯ ಮೇಲೆ ಬೀಳುತ್ತದೆ. ಒಂದೊಂದು ಸುಕ್ಕಿಗೂ ಒಂದೊಂದು ಕರಿಗೆರೆ. ಈಗ ದೀಪಕ್ಕೆ ಬಿಳಿ ಬಟ್ಟೆಯ ಮುಸುಕು ಹಾಕಿದ ಪೆಟ್ಟಿಗೆ, ಅಂದರೆ ನನ್ನ ಮೂರು ಅಡಿ ಸಾಫ್ಟ್‌ಬಾಕ್ಸನ್ನು ನಿಮ್ಮ ಮುಖದಿಂದ ಮೂರು ಅಡಿ ದೂರ ನಿಲ್ಲಿಸಿದೆ ಅನ್ನಿ. ನೀವು ಕುಂತಲ್ಲಿಂದ ಅದು 53 ಡಿಗ್ರಿಯಷ್ಟು ಹರಡಿಕೊಂಡು ಕಾಣುತ್ತದೆ, ಸೂರ್ಯನಿಗಿಂತ ಸುಮಾರು ನೂರು ಪಟ್ಟು ಅಗಲ. ಒಂದು ಅಂಚಿನ ಬೆಳಕು ಮೂಗಿಗೆ ತಡೆದು ನಿಂತರೆ ಇನ್ನೊಂದು ಅಂಚಿನದು ಬಳಸಿ ಬಂದು ಆ ನೆರಳನ್ನು ತುಂಬುತ್ತದೆ. ಹಾಗಾಗಿ ನೆರಳು ಇರುತ್ತದೆ, ಅದರ ಅಂಚು ಇರುವುದಿಲ್ಲ.

ಶ್ರಾವಣದಲ್ಲಿ ಮೋಡ ಕವಿದ ದಿನ ಹೊರಗೆ ತೆಗೆದ ಫೋಟೋಗಳು ಅಷ್ಟು ಮೆತ್ತಗೆ ಬರುವುದಕ್ಕೂ ಇದೇ ಕಾರಣ. ಆಗ ಬೆಳಕು ಕೊಡುವುದು ಸೂರ್ಯನಲ್ಲ, ಇಡೀ ಮೋಡ.

ದಿಕ್ಕಿನ ಮಾತು ಹೇಳುವಾಗ ನಮ್ಮ ಊರನ್ನು ಬಿಟ್ಟು ಹೇಳಲು ಆಗುವುದಿಲ್ಲ. ವಿಜಯಪುರ ಇರುವುದು ಹೆಚ್ಚುಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದ ಕೊನೆಗೆ ಒಮ್ಮೆ, ಆಗಸ್ಟ್ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಗಡಿಯಾರದಲ್ಲಿ ಹೆಚ್ಚುಕಡಿಮೆ ಹನ್ನೆರಡೂವರೆ ಹೊತ್ತಿಗೆ. ಆ ಹೊತ್ತಿಗೆ ಯಾರನ್ನೇ ಬಯಲಲ್ಲಿ ನಿಲ್ಲಿಸಿ, ಹಣೆ, ಮೂಗಿನ ತುದಿ, ಕೆನ್ನೆಯ ಎಲುಬು ಮಾತ್ರ ಬೆಳಗುತ್ತವೆ; ಕಣ್ಣು ಎರಡು ಕರಿ ಗುಳಿ. ಮೇ ತಿಂಗಳು ನಮ್ಮಲ್ಲಿ ಲಗ್ನದ ತಿಂಗಳು ಬೇರೆ. ಅಕ್ಷತಾ ಮುಗಿಸಿ ಮದುಮಕ್ಕಳನ್ನು ಮಂಟಪದ ಹೊರಗೆ ಬಿಸಿಲಿಗೆ ನಿಲ್ಲಿಸಿ ತೆಗೆದ ಫೋಟೋ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹತ್ತೇ ಹೆಜ್ಜೆ ಆಚೆ, ಪೆಂಡಾಲಿನ ಅಂಚಿನ ನೆರಳಲ್ಲಿ, ಹೊರಗೆ ಮುಖಮಾಡಿ ನಿಲ್ಲಿಸಿದ್ದರೆ ಸಾಕಿತ್ತು.

ಡಿಸೆಂಬರ್‌ನಲ್ಲಿ ಲೆಕ್ಕವೇ ಬೇರೆ. ನಡುಮಧ್ಯಾಹ್ನದಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 50 ಡಿಗ್ರಿಯಲ್ಲೇ ಉಳಿಯುತ್ತಾನೆ. ಸ್ಟುಡಿಯೋದಲ್ಲಿ ಮುಖ್ಯ ದೀಪವನ್ನು ನಾವು ಇಡುವುದೂ ಹತ್ತಿರಹತ್ತಿರ ಅದೇ ಎತ್ತರಕ್ಕೆ: ಕಣ್ಣಿಗಿಂತ ಮೇಲೆ 45 ಡಿಗ್ರಿ, ಪಕ್ಕಕ್ಕೆ 45 ಡಿಗ್ರಿ. ಹಾಗೆ ಇಟ್ಟಾಗ ದೀಪದ ಆಚೆಗಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಸಣ್ಣ ಬೆಳಕಿನ ತ್ರಿಕೋನ ಮೂಡುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರನ್ನೇ ಆ ಬೆಳಕಿಗೆ ಇಟ್ಟಿದ್ದಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆಂದು ಊರು ತುಂಬ ಜನ ಬರುತ್ತಾರಲ್ಲ, ಆಗಿನ ಬಿಸಿಲಲ್ಲಿ ಎತ್ತಿನ ಜೊತೆ ನಿಂತ ರೈತರ ಮುಖ ತೆಗೆಯುವುದು ನನಗೆ ಬಲು ಪ್ರೀತಿಯ ಕೆಲಸ.

ಕರೆಂಟು ಬರುವ ಮೊದಲಿನ ಸ್ಟುಡಿಯೋಗಳು ಉತ್ತರಕ್ಕೆ ಗಾಜಿನ ಮಾಡು ಇಟ್ಟು ಕಟ್ಟಿದಂಥವು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ದಿನವಿಡೀ ಒಂದೇ ನಮೂನೆಯ ಬೆಳಕು ಸಿಗುತ್ತದೆ ಎಂದು. ಪುಸ್ತಕಗಳು ಈಗಲೂ ಅದನ್ನೇ ಹೇಳುತ್ತವೆ. ಅವು ಯುರೋಪಿನ ಅಕ್ಷಾಂಶಕ್ಕೆ ಬರೆದ ಮಾತುಗಳು. ನಮ್ಮಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಬೇಸಿಗೆಯ ಬೆಳಿಗ್ಗೆ ಸಂಜೆಯಂತೂ ಉತ್ತರದ ಕಿಟಕಿಗೆ ಓರೆ ಬಿಸಿಲು ಬಿದ್ದೇ ಬೀಳುತ್ತದೆ. ಒಂದು ತೆಳು ಬಿಳಿ ಪರದೆ ಇಳಿಬಿಟ್ಟರೆ ಅದೂ ಸರಿ. ಬಿಸಿಲು ಬಿದ್ದ ಪರದೆಯೇ ಆಗ ದೊಡ್ಡ ದೀಪವಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ನಮ್ಮ ಕಡೆಯ ಹಳೇ ಮನೆಗಳ ಪಡಸಾಲಿಯ ಮೇಲೆ. ದಪ್ಪ ಗೋಡೆ, ಮಾಳಿಗೆ, ಕಿಟಕಿ ಸಣ್ಣವು, ಬಾಗಿಲು ಒಂದೇ. ಒಳಗೆ ಕತ್ತಲು, ಬಾಗಿಲಲ್ಲಿ ಅಂಗಳದ ಬೆಳಕು. ಹೊಸ್ತಿಲಿಂದ ಒಂದೂವರೆ ಎರಡು ಅಡಿ ಒಳಗೆ ಅಜ್ಜನ್ನು ಕುಂದ್ರಿಸಿ, ಮುಖ ಬಾಗಿಲ ಕಡೆ ಓರೆ ತಿರುಗಿಸಿ, ನೀವು ಬಾಗಿಲ ಪಕ್ಕದಲ್ಲಿ ನಿಂತು ನೋಡಿ. ಹಿಂದಿನ ಕತ್ತಲೆಯೇ ಕರಿ ಪರದೆ. ಕಣ್ಣಲ್ಲಿ ಬಾಗಿಲಿನ ಆಕಾರದ ಹೊಳಪು. ಲಕ್ಷ ರೂಪಾಯಿ ಸಾಮಾನಿಟ್ಟರೂ ಇದಕ್ಕಿಂತ ಒಳ್ಳೆಯ ಬೆಳಕು ಹೊಂದಿಸಲಾರೆ, ಇದನ್ನು ಮನಸಾರೆ ಹೇಳುತ್ತೇನೆ.

ಹಾಗಾದರೆ ಲೈಟು ಯಾಕೆ? ಜನ ಬರುವ ಹೊತ್ತು ಬೆಳಕು ಬರುವ ಹೊತ್ತಲ್ಲ ಅನ್ನುವುದಕ್ಕೆ. ಇಂಡಿ, ಸಿಂದಗಿ, ಬಬಲೇಶ್ವರದಿಂದ ಬಸ್ಸು ಹಿಡಿದು ಬಂದವರು ಸಂತೆ, ಕಚೇರಿ, ದವಾಖಾನೆ ಮುಗಿಸಿ ನನ್ನ ಹತ್ತಿರ ಬರುವಾಗ ನೆತ್ತಿ ಮೇಲಿನ ಬಿಸಿಲು, ಇಲ್ಲವೇ ರಾತ್ರಿ. ಅವರನ್ನು ನಾಳೆ ಬೆಳಿಗ್ಗೆ ಬರ್ರಿ ಅನ್ನಲಾಗುವುದಿಲ್ಲ. ಬೇಕಾದ ಅಗಲದ, ಬೇಕಾದ ದಿಕ್ಕಿನ ಬೆಳಕು ಯಾವ ಹೊತ್ತಿಗೂ ತಯಾರಿರಲಿ ಎಂದು ದೀಪ ಇಟ್ಟಿದ್ದೇನೆ. ಅದರ ಕೆಲಸ ಪಡಸಾಲಿಯ ಬಾಗಿಲಿನ ಹಾಗೆ ನಡೆದುಕೊಳ್ಳುವುದು, ಅಷ್ಟೇ.

ದೀಪದ ಇನ್ನೊಂದು ಗುಣ ಸೂರ್ಯನಲ್ಲಿ ಇಲ್ಲ: ದೂರದ ಲೆಕ್ಕ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಖ ಮೂರು ಅಡಿಗೆ, ಹಿಂದಿನ ಬಿಳಿ ಪರದೆ ಒಂಬತ್ತು ಅಡಿಗೆ ಇದ್ದರೆ ಪರದೆಗೆ ತಲುಪುವುದು ಒಂಬತ್ತನೇ ಒಂದು ಭಾಗ, ಬಿಳಿ ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪರದೆ ಬದಲಿಸದೆ ಬಣ್ಣ ಬದಲಿಸುವ ಉಪಾಯ ಇದು. ಮನೆಮಂದಿಯೆಲ್ಲ ಸಾಲಾಗಿ ನಿಂತಾಗ ಇದೇ ಗುಣ ಕಾಡುತ್ತದೆ. ದೀಪದ ಹತ್ತಿರದವರು ಮೂರು ಅಡಿಗೆ, ಅವರ ಆಚೆಯವರು ಆರು ಅಡಿಗೆ ನಿಂತರೆ ಆಚೆಯವರ ಪಾಲಿಗೆ ಕಾಲು ಬೆಳಕು. ದೀಪವನ್ನು ಇನ್ನೂ ಆರು ಅಡಿ ಹಿಂದೆ ಸರಿಸಿ, ಒಂಬತ್ತು ಅಡಿ, ಹನ್ನೆರಡು ಅಡಿ ಮಾಡಿದರೆ ಆಚೆಯವರಿಗೂ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ಸಣ್ಣ ಕೋಣೆಯಲ್ಲಿ ದೊಡ್ಡ ಕುಟುಂಬದ ಫೋಟೋ ಯಾಕೆ ಕಷ್ಟ ಎಂದು ಈಗ ತಿಳಿದಿರಬೇಕು.

ಇನ್ನು ನಮ್ಮ ಜನರ ಉಡುಗೆ. ಅಜ್ಜನ ತಲೆಗೆ ಬಿಳಿ ಪಟಕಾ, ಮೈಗೆ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಖ ಹೊಲದ ಬಿಸಿಲಲ್ಲಿ ಪಳಗಿದ ಕಪ್ಪು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಕಂಡದ್ದನ್ನೆಲ್ಲ ಬೂದು ಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಬಿಳಿಯೇ ಹೆಚ್ಚಿದ್ದರೆ ಮುಖ ಕತ್ತಲಾಗುತ್ತದೆ. ಮುಖಕ್ಕೆಂದು ಬೆಳಕು ಏರಿಸಿದರೆ ಪಟಕಾದ ಮಡಿಕೆಗಳು ಅಳಿಸಿಹೋಗುತ್ತವೆ. ಕೆಲವರು ಕಂಪ್ಯೂಟರಿನಲ್ಲಿ ಮುಖವನ್ನು ಬೆಳ್ಳಗೆ ಮಾಡಿಕೊಡುತ್ತಾರೆ. ನಾನು ಮಾಡುವುದಿಲ್ಲ, ಕೇಳಿದರೂ ಮಾಡುವುದಿಲ್ಲ. ಕಪ್ಪು ಚರ್ಮದ ಚಂದ ಇರುವುದು ಹೊಳಪಿನಲ್ಲಿ. ದೊಡ್ಡ ದೀಪವನ್ನು ಪಕ್ಕಕ್ಕೆ ಸರಿಸಿದರೆ ಕೆನ್ನೆಯ ಎಲುಬಿನ ಗುಂಟ, ಮೂಗಿನ ಗುಂಟ ಉದ್ದನೆಯ ಹೊಳಪು ಹರಿಯುತ್ತದೆ, ಮುಖ ತನ್ನ ಬಣ್ಣದಲ್ಲೇ ಎದ್ದು ನಿಲ್ಲುತ್ತದೆ. ಪಟಕಾದ ಮೇಲೆ ಬೀಳುವ ಬೆಳಕನ್ನು ದೀಪದ ಮೇಲಂಚಿಗೆ ಕರಿ ಬಟ್ಟೆ ಕಟ್ಟಿ ತಡೆಯುತ್ತೇನೆ.

ತಲೆ ತುಂಬ ಸೆರಗು ಹೊದ್ದ ಅಮ್ಮಂದಿರಿಗೆ ದೀಪವನ್ನು ಎತ್ತರಕ್ಕಿಟ್ಟರೆ ಸೆರಗಿನ ನೆರಳೇ ಹಣೆ ಕಣ್ಣು ಮುಚ್ಚುತ್ತದೆ. ಅವರಿಗೆ ದೀಪ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಸೆರಗು ಸರಿಸಿ ಅನ್ನುವುದು ಕೂಡದು, ಅದು ಅವರ ಮರ್ಯಾದೆ. ಕೆಂಪು ಇಳಕಲ್ ಸೀರೆಯ ಬಣ್ಣ ಗದ್ದದ ಕೆಳಗೆ ಹೊಡೆಯುತ್ತದೆ. ಬೆಳಕನ್ನು ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರನ್ನು ಮಡಿಲಲ್ಲಿಡದೆ ಪಕ್ಕಕ್ಕೆ ಹಿಡಿದರೆ ಆ ಕೆಂಪು ಕಡಿಮೆಯಾಗುತ್ತದೆ. ನಾನು ಬಳಸುವ ರಿಫ್ಲೆಕ್ಟರ್ ಬಹಳ ಸಲ ಥರ್ಮಾಕೋಲ್ ಹಾಳೆಯೇ. ಚಶ್ಮಾ ಹಾಕಿದವರಿಗೆ ದೀಪ ತುಸು ಮೇಲೆ, ಚಶ್ಮಾದ ಕಡ್ಡಿ ಕಿವಿಯ ಮೇಲೆ ಒಂದು ಕೂದಲೆಳೆ ಎತ್ತರ. ಗಾಜು ಕೆಳಮುಖವಾಗಿ ಪ್ರತಿಫಲನ ಕ್ಯಾಮೆರಾಕ್ಕೆ ಬಾರದೆ ನೆಲಕ್ಕೆ ಹೋಗುತ್ತದೆ.

ಕುಂದ್ರಿಸುವ ರೀತಿಯನ್ನು ಬೆಳಕಿನಿಂದ ಬೇರೆ ಮಾಡಿ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಮುಖ ಯಾವ ಕಡೆ ತಿರುಗಿದೆ ಎನ್ನುವುದೇ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದನ್ನು ತೀರ್ಮಾನಿಸುತ್ತದೆ. ಓರೆ ಕುಂತಾಗ ಮುಖದ ಒಂದು ಬದಿ ಕ್ಯಾಮೆರಾಕ್ಕೆ ಅಗಲ ಕಾಣುತ್ತದೆ, ಇನ್ನೊಂದು ಬದಿ ಸಣ್ಣದು. ಸಣ್ಣ ಬದಿಗೆ ಬೆಳಕು ಕೊಟ್ಟರೆ ದುಂಡು ಮುಖ ತೆಳ್ಳಗಾಗುತ್ತದೆ. ಅಗಲ ಬದಿಗೆ ಕೊಟ್ಟರೆ ಬತ್ತಿದ ಮುಖ ತುಂಬಿಕೊಳ್ಳುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಇದೇ ಊರಲ್ಲಿ ಆಳಿದ. ಅವನ ಹಲವು ಭಾವಚಿತ್ರಗಳಲ್ಲಿ ಮುಕ್ಕಾಲು ತಿರುಗಿದ ಮುಖ ಕಾಣುತ್ತದೆ. ಆ ಚಿತ್ರಕಾರರು ಬಿದ್ದ ನೆರಳನ್ನು ಬರೆಯದೆಯೇ ಗೆರೆಯಲ್ಲಿ ಮುಖದ ಉಬ್ಬುತಗ್ಗು ತಂದರು. ನಮಗೆ ಆ ಕುಂಚವಿಲ್ಲ, ನೆರಳನ್ನೇ ನೆಚ್ಚಬೇಕು.

ಮೊದಲು ಕುರ್ಚಿಯನ್ನು ತಿರುಗಿಸುತ್ತೇನೆ, ಮನುಷ್ಯರನ್ನಲ್ಲ. ಕುರ್ಚಿ ದೀಪದಿಂದ ಆಚೆ ಓರೆಯಾದರೆ ಹೆಗಲು ತಾನಾಗಿ ತಿರುಗುತ್ತದೆ, ಆಮೇಲೆ ಮುಖ ಮಾತ್ರ ಬೆಳಕಿನ ಕಡೆ ಬಂದರೆ ಸಾಕು. ಬೆನ್ನು ಹಿಂದಕ್ಕೆ ಆನಿಸದೆ ಕುರ್ಚಿಯ ಮುಂದಿನ ಅರ್ಧದಲ್ಲಿ ಕುಂದ್ರಬೇಕು. "ಗದ್ದ ಮ್ಯಾಲ ಮಾಡ್ರಿ" ಅನ್ನುವುದು ನಮ್ಮ ಸ್ಟುಡಿಯೋಗಳ ಹಳೇ ಚಾಳಿ. ಹಾಗೆ ಮಾಡಿದರೆ ಮೂಗಿನ ಹೊಳ್ಳೆ ಕಾಣುತ್ತವೆ. ಹಣೆ ಕ್ಯಾಮೆರಾದ ಕಡೆ ತುಸು ಮುಂದೆ ತಂದು ಗದ್ದ ಒಂದು ಬೆರಳು ಕೆಳಗಿಳಿಸಿದರೆ ಕೊರಳಿಗೂ ಗದ್ದಕ್ಕೂ ನಡುವೆ ಗೆರೆ ಮೂಡುತ್ತದೆ. ನಿಂತವರು ಹಿಂದಿನ ಕಾಲಿನ ಮೇಲೆ ಭಾರ ಬಿಡಲಿ.

ಕೈಯದ್ದೇ ದೊಡ್ಡ ಚಿಂತೆ. "ಕೈ ಎಲ್ಲಿ ಇಡ್ಲ್ಯೋ ತಮ್ಮಾ?" ಎಂದು ಕೇಳದ ಹಿರಿಯರಿಲ್ಲ. ಕೈಗೆ ರೂಢಿಯ ಕೆಲಸ ಕೊಡಬೇಕು. ಬಡಿಗೆ ಹಿಡಿಯುವವರು ಬಡಿಗೆ ಹಿಡಿಯಲಿ, ಎಲೆಯಡಿಕೆ ಚೀಲ ಇದ್ದವರು ಅದನ್ನೇ ಹಿಡಿಯಲಿ. ನಗಿಸಲು "ನಗ್ರಿ" ಅನ್ನುವುದಿಲ್ಲ. ಅಂದರೆ ಹಲ್ಲು ಕಾಣುತ್ತವೆ, ಕಣ್ಣು ಹೆದರಿಯೇ ಇರುತ್ತದೆ. ದ್ರಾಕ್ಷಿ ಈ ಸಲ ಹೆಂಗೈತಿ, ಲಿಂಬಿ ರೇಟ್ ಏರೇತೇನು ಎಂದು ಕೇಳುತ್ತೇನೆ. ಮಾತು ಶುರುವಾಗಿ, ನಿಂತು, ಮತ್ತೆ ಶುರುವಾಗುವ ನಡುವೆ ಒಂದು ಉಸಿರು ಬಿಡುತ್ತಾರೆ. ನಾನು ಕಾಯುವುದು ಆ ಉಸಿರಿಗೆ.

ಗೋಳಗುಮ್ಮಟದ ಮುಂದೆ ಫೋಟೋ ಬೇಕು ಅನ್ನುವವರಿಗೆ ಒಂದು ಮಾತು. ಇಡೀ ಗುಮ್ಮಟ ಬರಲೆಂದು ಮಧ್ಯಾಹ್ನ ಬಯಲಿನಲ್ಲಿ ಕಣ್ಣು ಕಿರಿದು ಮಾಡಿ ನಿಲ್ಲಬೇಡಿ. ನಾಲ್ಕರ ಮೇಲೆ ಕಟ್ಟಡದ ಪೂರ್ವದ ಬದಿಗೆ ಹೋಗಿ. ಅಷ್ಟು ದೊಡ್ಡ ಗೋಡೆಯ ನೆರಳು ಹಾಸಿರುತ್ತದೆ, ಎದುರಿಗೆ ತೆರೆದ ಆಕಾಶ. ಇಬ್ರಾಹಿಂ ರೋಜಾದ ಕಂಬಸಾಲಿನ ಪಡಸಾಲಿಯಲ್ಲಿ ಬೆಳಕು ಒಂದೇ ಕಡೆಯಿಂದ ಬರುತ್ತದೆ, ಅಲ್ಲಿ ಮುಖ ಇನ್ನೂ ಚಂದ. ಸಂಜೆಯ ಬಂಗಾರದ ಬೆಳಕಿಗೆ ಕಾಯುವವರು ಬೇಗ ತಯಾರಾಗಿರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಆ ಬೆಳಕು ಬೇಗ ಮುಗಿಯುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಮನೆಯ ಹಿರಿಯರು ತೀರಿಕೊಂಡ ಮೇಲೆ ಗೋಡೆಗೆ ಹಾಕುವ ಫೋಟೋಕ್ಕಾಗಿ ಜನ ಮೊಬೈಲ್ ಹಿಡಿದು ಬರುತ್ತಾರೆ. ಯಾರದೋ ಲಗ್ನದ ಗುಂಪಿನಲ್ಲಿ, ಅಂಚಿಗೆ, ಅರ್ಧ ಕಣ್ಣು ಮುಚ್ಚಿದ ಮುಖ. ಅದನ್ನೇ ಕತ್ತರಿಸಿ ದೊಡ್ಡದು ಮಾಡಬೇಕು. ಅದಕ್ಕೆ ಹೇಳುತ್ತೇನೆ, ನನ್ನ ಹತ್ತಿರ ಬರಲಾಗದಿದ್ದರೂ ಅಡ್ಡಿಯಿಲ್ಲ, ಮನೆಯಲ್ಲೇ ತೆಗೆಯಿರಿ. ಬೆಳಿಗ್ಗೆ ಎಂಟರ ಸುಮಾರಿಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ, ಬಾಗಿಲಿಗೆ ನೇರ ಬಿಸಿಲು ಬೀಳದ ಹೊತ್ತು ನೋಡಿ ಹೊಸ್ತಿಲ ಒಳಗೆ ಕುಂದ್ರಿಸಿ. ಟ್ಯೂಬ್‌ಲೈಟ್ ಆರಿಸಿ, ಎರಡು ಬಣ್ಣದ ಬೆಳಕು ಕೂಡಿದರೆ ಚರ್ಮದ ಬಣ್ಣ ಕೆಡುತ್ತದೆ. ಮೊಬೈಲನ್ನು ಮುಖದ ಹತ್ತಿರ ಒಯ್ಯಬೇಡಿ, ಮೂಗು ದೊಡ್ಡದಾಗಿ ಕಿವಿ ಮರೆಯಾಗುತ್ತವೆ. ಐದಾರು ಅಡಿ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ. ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ, ಕಣ್ಣಿನ ಮೇಲೆ ಒಮ್ಮೆ ಬೆರಳು ಒತ್ತಿ ಫೋಕಸ್ ಮಾಡಿ, ಪಕ್ಕದಲ್ಲಿ ಮೊಮ್ಮಗಳನ್ನು ನಿಲ್ಲಿಸಿ ಮಾತಾಡಿಸಲು ಹೇಳಿ, ಒಂದಲ್ಲ ಹತ್ತು ತೆಗೆಯಿರಿ. ದೊಡ್ಡದು ಮಾಡಿಸುವುದಿದ್ದರೆ ವಾಟ್ಸಾಪ್‌ನಲ್ಲಿ ಬರೀ ಫೋಟೋವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ.